ಬೀರುವಿನಲ್ಲಿಟ್ಟ ಔಷಧಿ

ಅಕ್ಕನ ಮಗಳಿಗೆ 21 ದಿನಕ್ಕೊಂದು ಸೂಜಿ ಆಗಲೇಬೇಕು. ಬೆಂಜಥೀನ್ ಪೆನ್ಸಿಲಿನ್, 12 ಲಕ್ಷ ಯೂನಿಟ್. ಚೀಟಿಯಲ್ಲಿ ಏನೇ ಬರೆದಿರಲಿ, ಮೆಡಿಕಲ್ ಅಂಗಡಿಗಳಲ್ಲಿ ಕೇಳುವವರೂ ಕೊಡುವವರೂ ಅದನ್ನು ಪೆನಿಡ್ಯೂರ್ ಎಂದೇ ಕರೆಯುತ್ತಾರೆ. ಚಿಕ್ಕವಳಿದ್ದಾಗ ಅವಳಿಗೊಮ್ಮೆ ಗಂಟಲು ನೋವು ಬಂದು ಹೋಯಿತು. ಬಿಸಿನೀರು ಕುಡಿಸಿ ಸುಮ್ಮನಾದೆವು. ಕೆಲವು ವಾರ ಕಳೆದ ಮೇಲೆ ಮಂಡಿ ಊದಿಕೊಂಡಿತು. ಅದು ಇಳಿಯುವಷ್ಟರಲ್ಲಿ ಮೊಣಕೈ ಹಿಡಿಯಿತು. ಊರಲ್ಲಿ ಗಾಳಿ ಸೋಕಿದೆ ಎಂದರು, ಯಂತ್ರ ಕಟ್ಟಿಸಿದ್ದೂ ಆಯಿತು. ಕೊನೆಗೆ ಮೈಸೂರಿನ ಜಯದೇವ ಆಸ್ಪತ್ರೆಯಲ್ಲಿ ಎಕೋ ಮಾಡಿ ನೋಡಿದಾಗ ಹೃದಯದ ಎಡಗಡೆಯ ಕವಾಟ ಸರಿಯಾಗಿ ಮುಚ್ಚದೆ ರಕ್ತ ಹಿಂದಕ್ಕೆ ಸೋರುತ್ತಿತ್ತು. ರುಮಾಟಿಕ್ ಜ್ವರ ಬಿಟ್ಟುಹೋದ ಗುರುತು ಅದು.

ಗಂಟಲಿಗೆ ಸೇರಿದ ಸ್ಟ್ರೆಪ್ಟೊಕಾಕಸ್ ಬ್ಯಾಕ್ಟೀರಿಯಾವನ್ನು ಹೊಡೆಯಲು ಹೊರಟ ದೇಹದ ರಕ್ಷಣಾ ವ್ಯವಸ್ಥೆ ಕೆಲವು ಮಕ್ಕಳಲ್ಲಿ ದಾರಿ ತಪ್ಪಿ ತನ್ನದೇ ಹೃದಯದ ಮೇಲೆ ಬೀಳುತ್ತದೆ. ಅದೇ ಸೋಂಕು ಮತ್ತೆ ಬಂದರೆ ಕವಾಟಕ್ಕೆ ಮತ್ತಷ್ಟು ಪೆಟ್ಟು. ಬಾರದಂತೆ ನೋಡಿಕೊಳ್ಳಬೇಕಾದರೆ ರಕ್ತದಲ್ಲಿ ಯಾವಾಗಲೂ ಸ್ವಲ್ಪ ಪೆನ್ಸಿಲಿನ್ ಇರಬೇಕು. ಸೊಂಟದ ಮಾಂಸಖಂಡಕ್ಕೆ ಕೊಟ್ಟ ಈ ಔಷಧಿ ನಿಧಾನವಾಗಿ ಕರಗುತ್ತಾ ಸುಮಾರು ಮೂರು ವಾರ ಕಾಯುತ್ತದೆ. ಲೆಕ್ಕ ಹಾಕಿದರೆ ವರ್ಷಕ್ಕೆ 17 ಸೂಜಿ. ಕವಾಟಕ್ಕೆ ಎಷ್ಟು ಏಟಾಗಿದೆ ಎನ್ನುವುದನ್ನು ನೋಡಿ ಕೆಲವರಿಗೆ ಇಪ್ಪತ್ತೊಂದನೇ ವಯಸ್ಸಿನವರೆಗೆ, ಕೆಲವರಿಗೆ ನಲವತ್ತರವರೆಗೂ ಹೇಳುತ್ತಾರೆ. ಬಿಳಿ ಪುಡಿಗೆ ನೀರು ಬೆರೆಸಿದ ಮಂದ ದ್ರವ, ಎಷ್ಟೋ ಸಲ ಸೂಜಿಯಲ್ಲೇ ಕಟ್ಟಿಕೊಳ್ಳುತ್ತದೆ. ಸೂಜಿ ಹಾಕಿದ ದಿನ ಹುಡುಗಿ ಕುಂಟುತ್ತಾ ಸ್ಕೂಲಿಗೆ ಹೋಗುತ್ತಿದ್ದಳು. ಒಂದು ದಿನವೂ ಒಲ್ಲೆ ಎಂದವಳಲ್ಲ.

ಅವಳು ಮಳವಳ್ಳಿಯ ನಮ್ಮ ಮನೆಯಲ್ಲೇ ಇದ್ದು ಓದುತ್ತಿದ್ದಳು. ಅಕ್ಕ ಭಾವ ಹಳ್ಳಿಯಲ್ಲಿ ಬೇಸಾಯ. ಸೂಜಿಯ ಜವಾಬ್ದಾರಿ ನನ್ನದು ಎಂದು ನಾನೇ ಹೊತ್ತುಕೊಂಡಿದ್ದೆ. ಮೇಷ್ಟ್ರಾಗಿರುವವನು, ನಾಲ್ಕು ಜನ ಗುರುತಿರುವವನು, ನನಗೆ ಸಿಗದೆ ಇನ್ಯಾರಿಗೆ ಸಿಗುತ್ತದೆ ಎಂಬ ನಂಬಿಕೆ.

ಒಂದು ಸಲ ಮಳವಳ್ಳಿಯ ಅಂಗಡಿಯವರು ಚೀಟಿ ನೋಡಿ ಹಾಗೇ ವಾಪಸ್ ಕೊಟ್ಟರು. 'ಶಾರ್ಟೇಜು ಸಾರ್. ಸ್ಟಾಕಿಸ್ಟ್ ಹತ್ರಾನೇ ಇಲ್ಲ.' ಪಕ್ಕದ ಅಂಗಡಿಯಲ್ಲೂ ಅದೇ ಮಾತು. ಬಸ್ ಹತ್ತಿ ಮದ್ದೂರಿಗೆ ಹೋದೆ. ಪೇಟೆ ಬೀದಿಯಲ್ಲಿ ಒಬ್ಬರು ನಾಳೆ ಬನ್ನಿ ಎಂದರು, ಒಬ್ಬರು ಹೆಸರೇ ಕೇಳಿಲ್ಲ ಎಂದರು. ಜನೌಷಧಿ ಕೇಂದ್ರದಲ್ಲಿ ಹುಡುಗಿಯೊಬ್ಬಳು ಪಾಪ, ಕಂಪ್ಯೂಟರಿನಲ್ಲಿ ಹುಡುಕಿಯೇ ಹುಡುಕಿದಳು. 21ನೇ ದಿನ ಹತ್ತಿರ ಬರುತ್ತಿತ್ತು. ರಾತ್ರಿ ಮಲಗಿದರೆ ಆ ಕವಾಟದ ಚಿತ್ರವೇ ಕಣ್ಣ ಮುಂದೆ ಬರುವುದು.

ಈ ಔಷಧಿ ಯಾಕೆ ಸಿಗುವುದಿಲ್ಲ ಎಂದು ಆಮೇಲೆ ಓದಿ ತಿಳಿದುಕೊಂಡೆ. ಪೆನ್ಸಿಲಿನ್ ಚರಿತ್ರೆಯೇ ಕೊರತೆಯಿಂದ ಶುರುವಾಗುತ್ತದೆ. 1928ರಲ್ಲಿ ಫ್ಲೆಮಿಂಗ್ ಕಂಡುಹಿಡಿದದ್ದನ್ನು 1941ರ ಫೆಬ್ರುವರಿಯಲ್ಲಿ ಆಕ್ಸ್‌ಫರ್ಡಿನ ವೈದ್ಯರು ಆಲ್ಬರ್ಟ್ ಅಲೆಕ್ಸಾಂಡರ್ ಎಂಬ ಪೊಲೀಸ್ ಪೇದೆಗೆ ಕೊಟ್ಟರು. ಸಾಯುತ್ತಿದ್ದವನು ಎದ್ದು ಕೂತ. ಅಷ್ಟರಲ್ಲಿ ಔಷಧಿ ಮುಗಿಯಿತು. ಅವನ ಮೂತ್ರದಿಂದಲೇ ಪೆನ್ಸಿಲಿನ್ ಸೋಸಿ ತೆಗೆದು ಮತ್ತೆ ಕೊಟ್ಟರೂ ಸಾಲದೆ ಮಾರ್ಚಿನಲ್ಲಿ ತೀರಿಕೊಂಡ. ನಮ್ಮ ದೇಶದಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ ನೆರವಿನಿಂದ ಪುಣೆ ಬಳಿಯ ಪಿಂಪ್ರಿಯಲ್ಲಿ 1954ರಲ್ಲಿ ಹಿಂದೂಸ್ತಾನ್ ಆಂಟಿಬಯೋಟಿಕ್ಸ್ ಶುರುವಾಯಿತು. ಮುಂದೆ ಚೀನಾದಿಂದ ಕಡಿಮೆ ಬೆಲೆಗೆ ಕಚ್ಚಾವಸ್ತು ಬರತೊಡಗಿದ ಮೇಲೆ ಇಲ್ಲಿ ಪೆನ್ಸಿಲಿನ್ ಹುದುಗಿಸುವ ಕೆಲಸ ನಿಂತುಹೋಯಿತು. ಕಾಕಿನಾಡದಲ್ಲಿ ಮತ್ತೆ ಕಾರ್ಖಾನೆ ತೆರೆಯುವಷ್ಟರಲ್ಲಿ 2024 ಬಂದಿತ್ತು. ಬೆಂಜಥೀನ್ ಪೆನ್ಸಿಲಿನ್ ಹಲವು ವರ್ಷಗಳಿಂದ ಕೊರತೆಯಲ್ಲಿರುವ ಅಗತ್ಯ ಔಷಧಿ ಎಂದು 2016ರ ವಿಶ್ವ ಆರೋಗ್ಯ ಸಭೆಯ ನಿರ್ಣಯದಲ್ಲೇ ಬರೆದಿದೆ. ಅಗ್ಗದ ಔಷಧಿ, ಕೊಳ್ಳುವವರು ಇಕ್ಕಟ್ಟಿನ ಮನೆಗಳಲ್ಲಿ ಬಾಳುವ ಬಡವರು, ಆದ್ದರಿಂದ ತಯಾರಿಸುವವರಿಗೆ ಉಮೇದಿಲ್ಲ. ಇದೇ ವಂಶದ ಬೆಂಜೈಲ್ ಪೆನ್ಸಿಲಿನ್ ಸೇರಿದಂತೆ ಎಂಟು ಔಷಧಿಗಳ ಗರಿಷ್ಠ ಬೆಲೆಯನ್ನು 2024ರ ಅಕ್ಟೋಬರಿನಲ್ಲಿ ಔಷಧ ಬೆಲೆ ಪ್ರಾಧಿಕಾರ ಶೇ 50ರಷ್ಟು ಏರಿಸಿದ್ದು, ಗಿಟ್ಟುವುದಿಲ್ಲವೆಂದು ಕಂಪನಿಗಳು ಕೈಬಿಟ್ಟಾವು ಎಂಬ ಭಯಕ್ಕೇ. ಬೆಲೆ ಕಡಿಮೆ ಇದ್ದರೆ ಸಾಕು, ಬಡವರಿಗೆ ತಲುಪುತ್ತದೆ ಎಂದು ತರಗತಿಯಲ್ಲಿ ನಾನೇ ಪಾಠ ಹೇಳಿದ್ದೆ. ಬೆಲೆ ಕಡಿಮೆ ಇದ್ದೂ ಅಂಗಡಿಯಲ್ಲೇ ಇಲ್ಲದ ಔಷಧಿಯನ್ನು ಆಗ ನೋಡಿರಲಿಲ್ಲ.

ಸಿಕ್ಕಿದ್ದು ಮಂಡ್ಯದಲ್ಲಿ, ನೂರಡಿ ರಸ್ತೆಯ ಕಡೆಯ ಒಂದು ಸಣ್ಣ ಅಂಗಡಿಯಲ್ಲಿ. ಕನ್ನಡಕ ಹಾಕಿಕೊಂಡ ವಯಸ್ಸಾದವರು ಚೀಟಿ ಓದಿ ಒಳಗೆ ಹೋಗಿ ಒಂದು ವಯಲ್ ತಂದು ಮುಂದಿಟ್ಟರು. ನನಗೆ ಕಣ್ಣಲ್ಲಿ ನೀರು ಬಂತು. ಮರುಕ್ಷಣವೇ ಕೇಳಿದೆ: 'ಇನ್ನೆಷ್ಟಿದೆ?'

ಅವರು ತಕ್ಷಣ ಹೇಳಲಿಲ್ಲ. 'ಐತೆ ಸಾರ್ ಒಂದಷ್ಟು. ನಿಮ್ಗೆ ಈ ಸಲಕ್ಕೆ ಒಂದು ಸಾಕಲ್ವಾ?'

'ಅಷ್ಟನ್ನೂ ಕೊಟ್ಟುಬಿಡಿ.'

'ಅಷ್ಟೂ ಬ್ಯಾಡಿ ಸಾರ್. ಮದ್ದೂರ್ ಕಡೆಯಿಂದ ಒಬ್ಬಮ್ಮ ಬತ್ತಾರೆ, ಮಗನ್ಗೆ. ಕೆರಗೋಡಿಂದ ಒಬ್ರು ಬತ್ತಾರೆ. ಎಲ್ಲಾರ್ಗೂ ಒಂದೊಂದು ಕೊಟ್ಕೊಂಡು ತೂಗುಸ್ತಾ ಇವ್ನಿ. ಜೊತೆಗೆ ಡೇಟೂ ಹತ್ರ ಐತೆ.'

ನಾನು ಜೋರು ಮಾಡಿದೆ. ಮಳವಳ್ಳಿಯಿಂದ ಬಂದಿದ್ದೇನೆ, ಹೃದಯದ ಕಾಯಿಲೆಯ ಮಗು, ಚೀಟಿ ಇದೆ, ದುಡ್ಡು ಕೊಡುತ್ತೇನೆ, ಇದ್ದದ್ದನ್ನು ಇಲ್ಲ ಎನ್ನುವ ಹಾಗಿಲ್ಲ ಎಂದೆಲ್ಲ ಹೇಳಿದೆ. ಮಕ್ಕಳನ್ನು ಗದರಿಸಿ ಅಭ್ಯಾಸವಾದ ದನಿ. ರಸ್ತೆಯಲ್ಲಿ ಹೋಗುತ್ತಿದ್ದವರು ತಿರುಗಿ ನೋಡಿದರು. ಹಿರಿಯರು ಮತ್ತೆ ಮಾತಾಡಲಿಲ್ಲ. ಒಳಗಿನಿಂದ ಎಲ್ಲವನ್ನೂ ತಂದು ಕವರಿಗೆ ಹಾಕಿ ಬಿಲ್ ಬರೆದರು. ಬಸ್ಸಿನಲ್ಲಿ ಆ ಕವರನ್ನು ತೊಡೆಯ ಮೇಲಿಟ್ಟುಕೊಂಡು ಗೆದ್ದವನ ಹಾಗೆ ಕೂತಿದ್ದೆ. ಮನೆಗೆ ಬಂದು ಬೀರುವಿನಲ್ಲಿ ಸೀರೆಗಳ ಹಿಂದೆ ಇಟ್ಟು ಬೀಗ ಹಾಕಿದೆ. ಅಕ್ಕನಿಗೆ ಫೋನ್ ಮಾಡಿ ಇನ್ನು ಕೆಲವು ತಿಂಗಳು ಚಿಂತೆಯಿಲ್ಲ ಎಂದೆ.

ಪೆನ್ಸಿಲಿನ್ ಕೆಲವರ ಮೈಗೆ ಒಗ್ಗದೆ ಪ್ರಾಣಕ್ಕೇ ಬರಬಹುದು. ಹಾಗಾಗಿ ಸಣ್ಣ ಕ್ಲಿನಿಕ್ಕುಗಳಲ್ಲಿ ಈ ಸೂಜಿ ಹಾಕಲು ಹಿಂಜರಿಯುತ್ತಾರೆ. ಮದ್ದೂರಿನ ಒಬ್ಬ ಡಾಕ್ಟರು ಟೆಸ್ಟ್ ಡೋಸ್ ಕೊಟ್ಟು, ಅರ್ಧ ಗಂಟೆ ಎದುರಿಗೇ ಕೂರಿಸಿಕೊಂಡು ಹಾಕುತ್ತಿದ್ದರು. ಮುಂದಿನ ಸಲ ವಯಲ್ ಹಿಡಿದು ಹುಡುಗಿಯೊಂದಿಗೆ ಅಲ್ಲಿಗೆ ಹೋದೆ. ಸೂಜಿ ಹಾಕಿಸಿಕೊಂಡು ಅವಳು ಬೆಂಚಿನ ಮೇಲೆ ಒಂದು ಪಕ್ಕಕ್ಕೆ ವಾಲಿ ಕೂತಿದ್ದಳು. ಆಗ ಒಬ್ಬ ಹೆಂಗಸು ಹತ್ತು ಹನ್ನೆರಡರ ಹುಡುಗನನ್ನು ಕರೆದುಕೊಂಡು ಒಳಗೆ ಬಂದರು. ಕೈಯಲ್ಲಿ ಮಡಚಿ ಮಡಚಿ ಸವೆದ ಚೀಟಿ.

'ಎಲ್ಲೂ ಸಿಕ್ಕುಲಿಲ್ಲ ಸಾರ್. ಮಂಡ್ಯದ ಅಂಗಡಿಯೋರು ಯಾವಾಗ್ಲೂ ಕೊಡೋರು. ಈ ಸಲ ಯಾರೋ ಬಂದು ಎಲ್ಲಾನೂ ತಗಂಡೋದ್ರಂತೆ.'

ಡಾಕ್ಟರು ಸೂಜಿ ಸಿಗುವವರೆಗೆ ಪೆನ್ಸಿಲಿನ್ ಮಾತ್ರೆ ಬರೆದುಕೊಡುತ್ತೇನೆ, ದಿನಕ್ಕೆರಡು ಸಲ ತಪ್ಪದೆ ನುಂಗಬೇಕು ಎಂದರು. ಆಯಮ್ಮ, 'ಕಬ್ಬು ಕಡಿಯೋಕೆ ಬೆಳಿಗ್ಗೆ ಹೊಂಟ್ರೆ ಕತ್ಲಾಗ್ತದೆ ಸಾರ್. ಎರಡೊತ್ತೂ ನೆಪ್ಪು ಮಾಡಿ ನುಂಗ್ಸೋರ್ಯಾರು?' ಎಂದರು.

ಹುಡುಗಿ ನನ್ನ ಅಂಗಿ ಎಳೆದಳು. ಪಿಸುಮಾತಿನಲ್ಲೂ ಅಲ್ಲ, ಎಲ್ಲರಿಗೂ ಕೇಳುವಂತೆ ಹೇಳಿದಳು: 'ಮಾವ, ನಮ್ಮನೆ ಬೀರುನಲ್ಲಿ ಐತಲ್ಲ. ಕೊಡಾಣ.'

ಡಾಕ್ಟರು ನನ್ನ ಕಡೆ ನೋಡಿದರು. ಆ ತಾಯಿಯೂ ನೋಡಿದರು. ಕೊಡುತ್ತೇನೆ ಎನ್ನಲು ಒಂದು ಮಾತು ಸಾಕಿತ್ತು. 'ಅದು ಬೇರೆ ಔಷಧಿ ಕಣವ್ವ, ಸುಮ್ನಿರು' ಎಂದೆ.

ಯಾಕೆ ಹಾಗೆಂದೆ? ಮುಂದಿನ ಸಲ ಸಿಗದಿದ್ದರೆ ಎಂಬ ಭಯ ಇತ್ತು, ನಿಜ. ಅದಕ್ಕಿಂತ ಹೆಚ್ಚಾಗಿ, ಮಂಡ್ಯದಲ್ಲಿ ಎಲ್ಲವನ್ನೂ ಹೊತ್ತುಕೊಂಡು ಹೋದ 'ಯಾರೋ' ನಾನೇ ಎಂದು ಆ ಕೋಣೆಯಲ್ಲಿ ಗೊತ್ತಾಗಿಬಿಡುತ್ತದೆ ಎನ್ನುವುದು ತಡೆಯಿತು. ನನ್ನ ಮಾನ ಉಳಿಸಿಕೊಳ್ಳಲು ಆ ಹುಡುಗನ ಹೃದಯವನ್ನು ಪಣಕ್ಕಿಟ್ಟೆ. ಈ ಮಾತನ್ನು ಇಷ್ಟು ನೇರವಾಗಿ ಬರೆಯಲು ನನಗೆ ಬಹಳ ಕಾಲ ಬೇಕಾಯಿತು.

ದಾರಿಯುದ್ದಕ್ಕೂ ಹುಡುಗಿ ಮಾತಾಡಲಿಲ್ಲ. ರಾತ್ರಿ ಊಟವಾದ ಮೇಲೆ ಅವಳ ಅತ್ತೆಯಿಂದ ಬೀಗದ ಕೈ ತೆಗೆದುಕೊಂಡು ಒಂದು ವಯಲನ್ನೂ ಅವಳ ಚೀಟಿಯನ್ನೂ ನನ್ನ ಮುಂದಿಟ್ಟಳು. 'ಆ ಹುಡ್ಗನ ಚೀಟೀಲೂ ಇದೇ ಹೆಸ್ರಿತ್ತು ಮಾವ. ನಾನು ಓದ್ದೆ.' ಅಷ್ಟೇ ಹೇಳಿ ಮಲಗಲು ಹೋದಳು. ಮೂವತ್ತು ವರ್ಷ ಮಕ್ಕಳಿಗೆ ಸುಳ್ಳು ಹೇಳಬಾರದೆಂದು ಕಲಿಸಿದವನಿಗೆ ಅವಳ ಮುಖ ನೋಡಲು ಆಗಲಿಲ್ಲ.

ಬೆಳಿಗ್ಗೆಯೇ ಒಂದನ್ನು ಇಟ್ಟುಕೊಂಡು ಉಳಿದದ್ದನ್ನು ಮದ್ದೂರಿಗೆ ಒಯ್ದು ಡಾಕ್ಟರ ಕೈಗೆ ಕೊಟ್ಟು, ಇದ್ದ ವಿಷಯ ಹೇಳಿದೆ. ಅವರು ತಾರೀಕು ನೋಡಿದರು. ತಿಂಗಳ ಕೊನೆಗೆ ಮುಗಿಯುತ್ತಿತ್ತು. ಆ ತಾಯಿಯ ಫೋನ್ ನಂಬರು ಅವರಲ್ಲಿ ಇರಲಿಲ್ಲ. ಒಂದೆರಡು ಬೇರೆ ಮಕ್ಕಳಿಗೆ ಆದವು, ಮಿಕ್ಕವು ಕಸಕ್ಕೆ ಹೋದವು. ಆ ಹುಡುಗನಿಗೆ ಆ ಸರದಿಯ ಸೂಜಿ ಬಿತ್ತೋ ಇಲ್ಲವೋ ನನಗೆ ಗೊತ್ತಾಗಲಿಲ್ಲ.

ನಾನು ವಿಶ್ವೇಶ್ವರಯ್ಯ ನಾಲೆಯ ಕೊನೆಯಲ್ಲಿ ಬೆಳೆದವನು. ಮದ್ದೂರು, ಮಳವಳ್ಳಿ ಕಡೆಯ ಊರುಗಳಿಗೆ ಕನ್ನಂಬಾಡಿ ನೀರು ತಲುಪುವುದು ಯಾವಾಗಲೂ ಕಡೆಗೆ. ಕಟ್ಟೆ ತುಂಬಿದ್ದರೂ ನಮ್ಮ ಗದ್ದೆ ಬಿರಿದಿರುತ್ತಿತ್ತು. ಮೇಲಿನವರಲ್ಲಿ ಯಾರೋ ಹೆದರಿ, ನಾಳೆ ನೀರು ನಿಲ್ಲಿಸಿಬಿಟ್ಟರೆ ಎಂದು ರಾತ್ರಿ ತೂಬು ಎತ್ತಿ ಬೇಕಾದ್ದಕ್ಕಿಂತ ಹೆಚ್ಚು ಹರಿಸಿಕೊಳ್ಳುತ್ತಿದ್ದರು. ಅಪ್ಪ ಅಂಥವರನ್ನು ಬಾಯಿಗೆ ಬಂದಂತೆ ಬೈಯುತ್ತಿದ್ದ. ಆದರೆ ನೀರುಗಂಟಿಯ ಮಾತನ್ನು ಮಾತ್ರ ಎಂದೂ ಮೀರಿದವನಲ್ಲ. ಯಾರ ಗದ್ದೆ ಎಷ್ಟು, ಯಾವ ಪೈರು ಇನ್ನೆರಡು ದಿನ ತಡೆಯುತ್ತದೆ, ಯಾವುದು ತಡೆಯುವುದಿಲ್ಲ, ಎಲ್ಲವೂ ನೀರುಗಂಟಿಗೆ ಗೊತ್ತಿರುತ್ತಿತ್ತು. ಮಂಡ್ಯದ ಆ ಅಂಗಡಿಯವರು ಮಾಡುತ್ತಿದ್ದುದು ಅದೇ ಕೆಲಸ. ಇದ್ದ ಸ್ವಲ್ಪವನ್ನೇ ಮೂರು ತಾಲ್ಲೂಕಿನ ಮಕ್ಕಳಿಗೆ ಸರದಿಯಂತೆ ಬಿಡುತ್ತಿದ್ದರು. ನಾನು ತೂಬು ಎತ್ತಿದೆ. ಔಷಧಿ ಬರುವುದೇ ಕಡಿಮೆಯಾದಾಗ ಕಂಪನಿ, ಸರ್ಕಾರ, ಚೀನಾ ಎಲ್ಲವನ್ನೂ ಬೈದಿದ್ದೇನೆ. ಆ ಬೈಗುಳದಲ್ಲಿ ಸತ್ಯವಿದೆ. ಆದರೆ ಮದ್ದೂರಿನ ಆ ಮನೆಯ ಮಟ್ಟಿಗೆ ಆ ತಿಂಗಳ ಕೊರತೆ ಹುಟ್ಟಿದ್ದು ನಮ್ಮ ಬೀರುವಿನಲ್ಲಿ.

ಆ ಅಂಗಡಿಗೆ ಮತ್ತೆ ಹೋಗಲು ಕಾಲೇ ಬರುತ್ತಿರಲಿಲ್ಲ. ಹೋಗಲೇಬೇಕಿತ್ತು, ಸೂಜಿ ಬೇಕಿತ್ತು. ತಪ್ಪಾಯಿತು ಎಂದೆ. ಹಿರಿಯರು ಅದಕ್ಕೇನೂ ಹೇಳದೆ ಒಂದು ಉದ್ದನೆಯ ಪುಸ್ತಕ ತೆಗೆದರು. ಹೆಸರು, ಊರು, ಮುಂದಿನ ಸೂಜಿಯ ತಾರೀಕು. 'ಬರೆಸಿ ಸಾರ್. ತಾರೀಕು ಗೊತ್ತಿದ್ರೆ ಮುಂಚೇನೇ ಸ್ಟಾಕಿಸ್ಟ್‌ಗೆ ಹೇಳಿ ಇಡ್ಸ್ತೀನಿ. ಎಲ್ಲಾರೂ ಗಾಬ್ರಿ ಬಿದ್ದು ಕೊನೇ ದಿನ ಬಂದ್ರೆ ನಾನೇನ್ ಮಾಡ್ಲಿ?' ಮದ್ದೂರಿನ ತಾಯಿಯ ಹೆಸರು ಅಲ್ಲಿತ್ತು. ಆಯಮ್ಮನ ನಂಬರು ಅವರಲ್ಲೂ ಇರಲಿಲ್ಲ, ಪ್ರತಿ ಸಲ ತಾವೇ ಬರುತ್ತಿದ್ದರಂತೆ. ನಮ್ಮದನ್ನು ಆ ಹೆಸರಿನ ಕೆಳಗೆ ಬರೆಸಿದೆ. ಬ್ರ್ಯಾಂಡ್ ಹೆಸರೇ ಹಿಡಿದು ಕೂರದೆ ಬೆಂಜಥೀನ್ ಪೆನ್ಸಿಲಿನ್ ಎಂದು ಕೇಳಬೇಕು, ಬೇರೆ ಕಂಪನಿಯದಿದ್ದರೆ ಡಾಕ್ಟರಿಗೆ ತೋರಿಸಿ ಹಾಕಿಸಬಹುದು ಎಂದೂ ಅವರೇ ಹೇಳಿಕೊಟ್ಟರು. ಇಷ್ಟು ದಿನ ಪೆನಿಡ್ಯೂರ್ ಎಂದಷ್ಟೇ ಕೇಳಿ ಎಷ್ಟು ಅಂಗಡಿಗಳಿಂದ ಬರಿಗೈಯಲ್ಲಿ ಬಂದಿದ್ದೆನೋ.

ಒಂದು ಸಲ ಅವರೇ ಒಂದು ಕೆಲಸ ಹೇಳಿದರು. ಮಳವಳ್ಳಿ ತಾಲ್ಲೂಕಿನಲ್ಲಿ ಈ ಸೂಜಿ ಬೇಕಾದವರು ಎಷ್ಟು ಜನ ಎಂದು ಒಟ್ಟಿಗೆ ತಿಳಿದರೆ ಆರ್ಡರು ದೊಡ್ಡದಾಗುತ್ತದೆ, ಸ್ಟಾಕಿಸ್ಟ್ ಕಿವಿಗೊಡುತ್ತಾನೆ, ನೀವು ಮೇಷ್ಟ್ರಲ್ವಾ, ಸ್ಕೂಲುಗಳಲ್ಲಿ ವಿಚಾರಿಸಿ ಎಂದರು. ಗುರುತಿನ ಮೇಷ್ಟ್ರುಗಳಿಗೂ ಆಶಾ ಕಾರ್ಯಕರ್ತೆಯರಿಗೂ ಹೇಳಿದೆ. ಅಂಥ ಮನೆಗಳಿಗೆ ಅವರು ಅಂಗಡಿಯ ವಿಳಾಸ ಕೊಟ್ಟು, ಹೆಸರು ಬರೆಸಿ ಬನ್ನಿ ಎನ್ನುತ್ತಿದ್ದಾರೆ. ಕೆಲವರು ಸೂಜಿ ಸಿಗದೆ ಬೇಸತ್ತು ಚಿಕಿತ್ಸೆಯನ್ನೇ ಬಿಟ್ಟಿದ್ದರು. ಒಬ್ಬ ಹೆಣ್ಣುಮಗಳು ಮದುವೆಯಾದ ಮೇಲೆ ಅತ್ತೆಮನೆಗೆ ಗೊತ್ತಾಗುತ್ತದೆಂದು ನಿಲ್ಲಿಸಿದ್ದಳು. ಬಸುರಿಯಾದಾಗ ಉಸಿರು ಕಟ್ಟತೊಡಗಿದ ಮೇಲಷ್ಟೇ ಕವಾಟದ ವಿಷಯ ಹೊರಗೆ ಬಂತು. ಅವಳನ್ನು ಮತ್ತೆ ಡಾಕ್ಟರ ಹತ್ತಿರ ಕಳಿಸಿದ್ದು ನಮ್ಮ ಹುಡುಗಿ. ತನ್ನ ಚೀಟಿ ತೋರಿಸಿ, ತನಗೂ ಇದೇ ಸೂಜಿ ಎಂದು ಹೇಳಿ ಒಪ್ಪಿಸಿದಳು. ಈಗ ಅವರಿಬ್ಬರ ತಾರೀಕೂ ಒಂದೇ ವಾರದಲ್ಲಿ ಬೀಳುತ್ತದೆ, ಮಂಡ್ಯಕ್ಕೆ ಯಾರು ಹೋದರೂ ಇಬ್ಬರದ್ದನ್ನೂ ತರುತ್ತಾರೆ.