ಗೋಡೆಯ ಮೇಲಿನ ಚೀಟಿಗಳು

ಬಿ.ಇಡಿ.ಗೆ ಸೇರುವ ಮೊದಲು 6 ವರ್ಷ ಬೆಂಗಳೂರಿನ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ಟೆಸ್ಟರ್ ಆಗಿದ್ದೆ. ಬೇರೆಯವರು ಬರೆದ ಪ್ರೋಗ್ರಾಮಿನಲ್ಲಿ ತಪ್ಪು ಹುಡುಕುವುದು ನನ್ನ ಕೆಲಸ. ತಂಡದಲ್ಲಿ ಪ್ರೋಗ್ರಾಂ ಬರೆಯುವವರು 7 ಜನ, ಪರೀಕ್ಷಿಸುವವರು ನಾವಿಬ್ಬರೇ. ತಿಂಗಳ ಮೊದಲ ಎರಡು ವಾರ ನಮ್ಮ ಮೇಜು ಖಾಲಿ ಇರುತ್ತಿತ್ತು. ಕೊನೆಯ ವಾರ ಎಲ್ಲರೂ ಒಟ್ಟಿಗೆ ‘ನನ್ನದು ಮುಗೀತು’ ಎಂದು ತಂದು ಸುರಿಯುತ್ತಿದ್ದರು. ರಾತ್ರಿ ಹತ್ತರವರೆಗೆ ಕೂತರೂ ಸಾಲುತ್ತಿರಲಿಲ್ಲ. ತಡವಾದರೆ ಮಾತು ಕೇಳಬೇಕಾದವರು ಮಾತ್ರ ನಾವು. ಕಾನ್‌ಬಾನ್ ನಮ್ಮ ತಂಡಕ್ಕೆ ಬಂದದ್ದು ಅಂಥ ದಿನಗಳಲ್ಲಿ.

ಬೋಧನಾಭ್ಯಾಸದ ಪತ್ರಿಕೆಯಲ್ಲಿ ಈ ಕಥೆ ಏಕೆ ಎಂದು ಕೇಳಬಹುದು. ಪಾಠ ಯೋಜನೆಗಳ ಕಟ್ಟು ಹಿಡಿದು ಮಾರ್ಗದರ್ಶಕರ ಕೊಠಡಿಯ ಮುಂದೆ ಸಾಲಾಗಿ ನಿಂತವರಿಗೆ ಆ ಕೊನೆಯ ವಾರದ ಪರಿಚಯ ಇದ್ದೇ ಇರುತ್ತದೆ.

ಕಾನ್‌ಬಾನ್ ಎಂಬುದು ಜಪಾನಿ ಪದ. ಫಲಕ, ಸೂಚನಾಫಲಕ ಎಂದು ಅರ್ಥ. ಟೊಯೋಟಾ ಕಾರ್ಖಾನೆಯಲ್ಲಿ ಇದನ್ನು ರೂಢಿಗೆ ತಂದವರು ತೈಚಿ ಓನೊ ಎಂಬ ಇಂಜಿನಿಯರ್. ಅವರಿಗೆ ಹೊಳಹು ಕೊಟ್ಟದ್ದು ಅಮೆರಿಕದ ಸೂಪರ್‌ಮಾರ್ಕೆಟ್‌ಗಳು. ಅಲ್ಲಿ ಗಿರಾಕಿ ಎತ್ತಿಕೊಂಡಷ್ಟನ್ನೇ ಮತ್ತೆ ಕಪಾಟಿಗೆ ತುಂಬುತ್ತಾರೆ. ಹಾಗೆಯೇ ಕಾರ್ಖಾನೆಯಲ್ಲಿ ಮುಂದಿನ ಹಂತದವರು ಭಾಗಗಳನ್ನು ತೆಗೆದುಕೊಂಡಾಗ ಒಂದು ಚೀಟಿ ಹಿಂದಿನ ಹಂತಕ್ಕೆ ಹೋಗುತ್ತದೆ. ಆ ಚೀಟಿ ಬಂದರೆ ಮಾತ್ರ ಅವರು ಇನ್ನಷ್ಟು ತಯಾರಿಸಬೇಕು. ತಯಾರಾಯಿತೆಂದು ಮುಂದಕ್ಕೆ ತಳ್ಳುವಂತಿಲ್ಲ, ಬೇಕಾದವರು ಎಳೆದುಕೊಳ್ಳಬೇಕು. ಇದನ್ನು ಸಾಫ್ಟ್‌ವೇರಿಗೆ ಹೊಂದಿಸಿದವರಲ್ಲಿ ಮುಖ್ಯರು ಡೇವಿಡ್ ಆಂಡರ್ಸನ್. ಅವರ ಪುಸ್ತಕ ಬಂದದ್ದು 2010ರಲ್ಲಿ.

ನಮ್ಮ ಗೋಡೆಗೆ ಒಂದು ಬಿಳಿ ಬೋರ್ಡು ಬಂತು. ಕೆಲಸಕ್ಕೊಂದು ಚೀಟಿ, ಹಂತಕ್ಕೊಂದು ಕಾಲಂ. ನೋಡಿದವರು ಇಷ್ಟೇ ಕಾನ್‌ಬಾನ್ ಅಂದುಕೊಳ್ಳುತ್ತಾರೆ. ಆದರೆ ಜೀವ ಇರುವುದು ಕಾಲಮ್ಮಿನ ತಲೆಯ ಮೇಲೆ ಬರೆದ ಅಂಕಿಯಲ್ಲಿ. ಟೆಸ್ಟಿಂಗ್ ಕಾಲಮ್ಮಿನ ಮೇಲೆ 4 ಎಂದಿತ್ತು. 4 ಚೀಟಿ ಇದ್ದರೆ ಐದನೆಯದಕ್ಕೆ ಜಾಗವಿಲ್ಲ. ಬರೆಯುವವರ ಕಾಲಮ್ಮಿಗೂ ಮಿತಿ ಇದ್ದುದರಿಂದ ಅವರು ಹೊಸ ಕೆಲಸ ಶುರುಮಾಡುವಂತೆಯೂ ಇರಲಿಲ್ಲ. ‘ಹಾಗಾದ್ರೆ ನಾನು ಸುಮ್ನೆ ಕೂತ್ಕೊಳ್ಳಾ?’ ಎಂದು ಒಬ್ಬ ರೇಗಿದ. ಸುಮ್ಮನೆ ಕೂರಬೇಕಿರಲಿಲ್ಲ, ಬಂದು ನಮ್ಮ ಜೊತೆ ಟೆಸ್ಟ್ ಮಾಡಬೇಕಿತ್ತು. ಬಂದ. ತನ್ನ ಗೆಳೆಯ ಬರೆದದ್ದನ್ನು ಪರೀಕ್ಷಿಸಲು ಅರ್ಧ ದಿನ ಏಕೆ ಬೇಕು ಎಂಬುದು ಅವನಿಗೆ ಆವತ್ತು ಕಂಡಿತು. ಮುಂದಿನ ವಾರದಿಂದ ಅವನ ಕೆಲಸ ನಮ್ಮ ಬಳಿ ಬರುವ ಹೊತ್ತಿಗೆ ಅರ್ಧ ಶುದ್ಧವಾಗಿರುತ್ತಿತ್ತು.

ಇದರ ಹಿಂದಿನ ಗಣಿತ ಸರಳ. ಜಾನ್ ಲಿಟಲ್ 1961ರಲ್ಲಿ ಸಾಧಿಸಿ ತೋರಿಸಿದ ನಿಯಮ ಅದು. ಸಾಲಿನಲ್ಲಿ ಸರಾಸರಿ 24 ಕೆಲಸಗಳಿದ್ದು ದಿನಕ್ಕೆ 3 ಮುಗಿಯುತ್ತಿದ್ದರೆ ಒಂದೊಂದಕ್ಕೆ ಸರಾಸರಿ 8 ದಿನ ಹಿಡಿಯುತ್ತದೆ. ಮುಗಿಸುವ ವೇಗ ಅಷ್ಟೇ ಇದ್ದು ಸಾಲು 6ಕ್ಕೆ ಇಳಿದರೆ 2 ದಿನ. ಗಣಿತ ಬೋಧನೆಯವರು ಇದನ್ನು ಒಂಬತ್ತನೇ ತರಗತಿಗೆ ಧಾರಾಳವಾಗಿ ಒಯ್ಯಬಹುದು.

ಈಗ ನಮ್ಮ ಬೋಧನಾಭ್ಯಾಸಕ್ಕೆ ಬರುತ್ತೇನೆ. ಒಂದು ಪ್ರೌಢಶಾಲೆಗೆ ನಾವು 9 ಜನ ಪ್ರಶಿಕ್ಷಣಾರ್ಥಿಗಳು ಹೋಗಿದ್ದೆವು. ಭಾನುವಾರ ರಾತ್ರಿ ಎಲ್ಲರೂ ಕೂತು ಬರೆದು, ಸೋಮವಾರ ಬೆಳಗ್ಗೆ ಇಪ್ಪತ್ತಕ್ಕೂ ಹೆಚ್ಚು ಪಾಠ ಯೋಜನೆಗಳನ್ನು ಮಾರ್ಗದರ್ಶಕರ ಮೇಜಿನ ಮೇಲೆ ಇಡುತ್ತಿದ್ದೆವು. ಮೊದಲ ಪಿರಿಯಡ್ಡಿಗೆ ಮುಂಚೆ ಅಷ್ಟನ್ನೂ ಯಾರು ತಾನೇ ಓದಿಯಾರು? ಕೆಂಪು ಶಾಯಿಯಲ್ಲಿ ಒಂದು ‘ಉತ್ತಮ’, ಕೆಳಗೆ ಸಹಿ. ಆ ಉತ್ತಮವನ್ನು ನಂಬಿ ನಾವು ನಲವತ್ತು ಮಕ್ಕಳ ಮುಂದೆ ಹೋಗಿ ನಿಲ್ಲಬೇಕು.

ನಮಗೆ ಕೊಟ್ಟಿದ್ದ ಪ್ರಯೋಗಾಲಯದ ಗೋಡೆಗೆ ಹಳೆಯ ಕ್ಯಾಲೆಂಡರಿನ ಹಿಂಬದಿಯನ್ನು ಅಂಟಿಸಿ ಕಾಲಂ ಎಳೆದೆವು: ಬರೆಯಬೇಕು, ಬರೆಯುತ್ತಿದೆ, ತಿದ್ದಲು, ಸಿದ್ಧ, ಪಾಠ ಆಯಿತು. ‘ತಿದ್ದಲು’ ಎಂಬುದರ ಮೇಲೆ 3 ಎಂದು ಬರೆದೆ. ಮಾರ್ಗದರ್ಶಕರು ನೋಡಿ, ‘ಏನಮ್ಮಾ, ನನಗೇ ಮಿತಿ ಹಾಕ್ತಾ ಇದೀರಾ?’ ಎಂದು ನಕ್ಕರು. ‘ಮಿತಿ ನಮಗೆ ಸರ್, ನಿಮಗಲ್ಲ’ ಎಂದೆ. ಜಾಗ ಸಿಗದವರು ಕಾಯುತ್ತಾ ಕೂರದೆ ಇನ್ನೊಬ್ಬರ ಯೋಜನೆ ಓದಬೇಕೆಂದು ಮಾತಾಯಿತು. ಆಮ್ಲ-ಪ್ರತ್ಯಾಮ್ಲದ ಪಾಠವನ್ನು ಓದಿದ ಕನ್ನಡ ವಿಷಯದ ಗೆಳತಿ ವಿಜ್ಞಾನದವನನ್ನು ಕೇಳಿದ್ದು ಒಂದೇ ಪ್ರಶ್ನೆ: ‘ನಲವತ್ತು ಮಕ್ಕಳಿಗೆ ಲಿಟ್ಮಸ್ ಕಾಗದ ಎಷ್ಟಿದೆ?’ ಅವನು ಎದ್ದು ಬೀರು ತೆರೆದು ಎಣಿಸತೊಡಗಿದ. ಅತ್ತ ಮಾರ್ಗದರ್ಶಕರ ಕೆಂಪು ಶಾಯಿ ಪುಟದ ಅಂಚಿನಲ್ಲೂ ಕಾಣಿಸತೊಡಗಿತು. ‘ಈ ಪ್ರಶ್ನೆಗೆ ಮಗು ಏನು ಉತ್ತರಿಸಬಹುದು?’ ಎಂಬಂಥ ಮಾತುಗಳು.

ಎಲ್ಲವೂ ಹೀಗೆ ಸಲೀಸಾಗಿ ನಡೆಯಲಿಲ್ಲ. ನಮ್ಮಲ್ಲಿ ಒಬ್ಬರು ವಯಸ್ಸಿನಲ್ಲಿ ದೊಡ್ಡವರು, ಮನೆಯಲ್ಲಿ ಪುಟ್ಟ ಮಗು. ಎಲ್ಲರಿಗೂ ಅವರು ಅಕ್ಕ. ಆಗ ಚೀಟಿಗಳಿಗೆ ಒಬ್ಬೊಬ್ಬರಿಗೆ ಒಂದೊಂದು ಬಣ್ಣವಿತ್ತು. ಅಕ್ಕನ ಹಸಿರು ಚೀಟಿ 5 ದಿನ ‘ಬರೆಯುತ್ತಿದೆ’ಯಲ್ಲೇ ಉಳಿಯಿತು. ಯಾರೋ ತಮಾಷೆ ಮಾಡಿದರು. ‘ಅದನ್ನ ತೆಗೆದುಬಿಡ್ರೇ, ಎದುರಿಗೆ ಕಂಡರೆ ನಾಚಿಕೆ ಆಗುತ್ತೆ’ ಎಂದರು ಅಕ್ಕ. ನನಗೆ ಹಳೆಯ ಕಂಪನಿ ನೆನಪಾಯಿತು. ಅಲ್ಲಿ ಮ್ಯಾನೇಜರ್ ಯಾರ ಚೀಟಿ ಎಷ್ಟು ಸರಿಯಿತು ಎಂದು ಎಣಿಸಲು ತೊಡಗಿದ್ದರು. ಒಂದು ಕೆಲಸವನ್ನು ಮೂರು ಚೀಟಿ ಮಾಡುವುದನ್ನು ತಂಡದವರು ಒಂದೇ ತಿಂಗಳಲ್ಲಿ ಕಲಿತರು.

ಬಣ್ಣವನ್ನು ವ್ಯಕ್ತಿಗೆ ಬಿಟ್ಟು ವಿಷಯಕ್ಕೆ ಕೊಟ್ಟೆವು. ನಿಂತ ಚೀಟಿಯ ಮೇಲೆ ಅದು ಯಾವುದಕ್ಕೆ ಕಾಯುತ್ತಿದೆ ಎಂಬುದನ್ನಷ್ಟೇ ಬರೆಯಬೇಕೆಂದು ಮಾಡಿಕೊಂಡೆವು. ಅಕ್ಕ ಬರೆದದ್ದು: ‘ಯಾವ ಪಾಠ ಎಂದು ತಿಳಿದಿಲ್ಲ, ವಿಷಯ ಶಿಕ್ಷಕರು ತರಬೇತಿಗೆ ಹೋಗಿದ್ದಾರೆ.’ ಆ ದಾರಿಯಲ್ಲಿ ಬಂದ ಮುಖ್ಯೋಪಾಧ್ಯಾಯರು ಓದಿ, ‘ಇದನ್ನ ಮೊದಲೇ ಹೇಳಬಾರದಿತ್ತೇನಮ್ಮಾ?’ ಎಂದು ಫೋನು ತೆಗೆದರು. ಮಧ್ಯಾಹ್ನದೊಳಗೆ ಪಾಠ ಗೊತ್ತಾಯಿತು. ಆದರೂ ಅಕ್ಕನಿಗೆ ಆ ಫಲಕದ ಮೇಲೆ ಪ್ರೀತಿ ಹುಟ್ಟಲಿಲ್ಲ. ಅದು ಅವರ ಹಕ್ಕು ಎಂದೇ ನನ್ನ ಭಾವನೆ.

ಕೊನೆಗೆ ಒಬ್ಬ ಉಪನ್ಯಾಸಕರು ವಾರಕ್ಕೊಮ್ಮೆ ಫಲಕದ ಫೋಟೊ ತೆಗೆದು ಆಂತರಿಕ ಅಂಕಗಳ ಕಡತಕ್ಕೆ ಸೇರಿಸೋಣ ಎಂದರು. ಬೇಡ ಸರ್ ಎಂದು ನಾವು 9 ಜನವೂ ಹೇಳಿದೆವು. ಅಂಕ ಬಂದ ಮರುದಿನವೇ ಚೀಟಿಗಳೆಲ್ಲ ತಾವಾಗಿಯೇ ಮುಂದೆ ಸರಿಯುತ್ತವೆ, ಪಾಠ ಅಲ್ಲೇ ಇರುತ್ತದೆ. ಅವರು ಸ್ವಲ್ಪ ಹೊತ್ತು ಯೋಚಿಸಿ ಆ ಮಾತು ಬಿಟ್ಟರು.

ಇನ್ನೊಂದು ತೊಡಕು ಉಳಿದಿದೆ. ಸಾಫ್ಟ್‌ವೇರಿನಲ್ಲಿ ಗಿರಾಕಿಗೆ ತಪ್ಪು ಕಂಡರೆ ಚೀಟಿ ಮರಳಿ ಬೋರ್ಡಿಗೆ ಬರುತ್ತದೆ. ನಮ್ಮಲ್ಲಿ ‘ಪಾಠ ಆಯಿತು’ ಎಂದ ಮೇಲೆ ಏನು? ಘಟಕ ಪರೀಕ್ಷೆಯಾದ ಮೇಲೆ ಅಕ್ಕನೇ ಪೆನ್ಸಿಲಿನಲ್ಲಿ ಆರನೆಯ ಕಾಲಂ ಎಳೆದು ‘ಮಕ್ಕಳಿಗೆ ಬಂತೇ?’ ಎಂದು ಬರೆದರು. ಅದಕ್ಕೆ ಎಷ್ಟು ಮಿತಿ ಹಾಕಬೇಕೆಂದು ಇನ್ನೂ ತೀರ್ಮಾನವಾಗಿಲ್ಲ. ಸದ್ಯಕ್ಕೆ ಅಲ್ಲಿ 14 ಚೀಟಿಗಳಿವೆ.