ನೀಲಿ ಹಲಗೆಯ ಬೆನ್ನುಹತ್ತಿ ಗುಂಡ್ಲುಪೇಟೆಗೆ

ಮೈಸೂರಿನಿಂದ ಚಾಮರಾಜನಗರಕ್ಕೆ ಹೋಗುವ ರೈಲಿಗೆ ಅವಸರವೆಂಬುದು ತಿಳಿಯದು. ನಂಜನಗೂಡಿನಲ್ಲಿ ಕಪಿಲೆಯನ್ನು ದಾಟುವಾಗ ಪ್ರಯಾಣಿಕರೆಲ್ಲ ಒಮ್ಮೆ ಕೈ ಮುಗಿಯುತ್ತಾರೆ. ಕವಲಂದೆಯಲ್ಲಿ ಒಂದಷ್ಟು ಜನ, ಬದನಗುಪ್ಪೆಯಲ್ಲಿ ಇನ್ನೊಂದಷ್ಟು ಜನ ಇಳಿಯುತ್ತಾರೆ. ಆಮೇಲೆ ಚಾಮರಾಜನಗರ. ಅಲ್ಲಿಗೆ ಹಳಿಯೇ ಮುಗಿಯುತ್ತದೆ. ಆದ್ದರಿಂದ ನಿದ್ದೆಹೋಗಿ ಮುಂದಿನ ಊರಿಗೆ ಹೋದೇನೆಂಬ ಭಯವಿಲ್ಲದೆ ಕಣ್ಣುಮುಚ್ಚಬಹುದಾದ ರೈಲು ಇದೊಂದೇ ಎಂದು ನಮ್ಮ ಭಾವ ಹೇಳುವುದುಂಟು.

2025ರ ಡಿಸೆಂಬರಿನಲ್ಲಿ ನಾನು ಆ ರೈಲು ಹತ್ತಿದ್ದು ಅಕ್ಕನ ಮನೆಯ ಅವರೆಕಾಳಿನ ಆಸೆಗೆ. ಆದರೆ ಮನೆಗೆ ಕಾಲಿಟ್ಟೊಡನೆ ಅಕ್ಕನ ಮಗಳು ನನ್ನನ್ನು ಎಳೆದುಕೊಂಡು ಹೋದದ್ದು ತನ್ನ ಶಾಲೆಯ ವಿಜ್ಞಾನ ವಸ್ತುಪ್ರದರ್ಶನಕ್ಕೆ. ಆಕೆ ಎಂಟನೆಯ ತರಗತಿ. ಶಾಲೆಯಲ್ಲಿ ಒಂದು ಅಟಲ್ ಟಿಂಕರಿಂಗ್ ಪ್ರಯೋಗಾಲಯವಿದೆ. ನೀತಿ ಆಯೋಗ 2016ರಲ್ಲಿ ಆರಂಭಿಸಿದ ಈ ಯೋಜನೆ ಇಂದು ದೇಶದ ಸುಮಾರು ಹತ್ತು ಸಾವಿರ ಶಾಲೆಗಳನ್ನು ಮುಟ್ಟಿದೆ. ಆಕೆಯ ಮೇಜಿನ ಮೇಲೆ ಒಂದು ತುಳಸಿಯ ಕುಂಡ, ಮಣ್ಣಿನಲ್ಲಿ ನೆಟ್ಟ ಎರಡು ಕಡ್ಡಿ, ಅದರಿಂದ ಹೊರಟ ತಂತಿ, ತಂತಿಯ ಕೊನೆಗೆ ಅಂಗೈಗಿಂತ ಚಿಕ್ಕದಾದ ಒಂದು ನೀಲಿ ಹಲಗೆ. ಮಣ್ಣೊಣಗಿದರೆ ಕೆಂಪು ದೀಪ, ನೀರು ಹಾಕಿದರೆ ಹಸಿರು ದೀಪ. ಹಲಗೆಯ ನಡುವೆ 28 ಕಾಲಿನ ಕರಿಯ ಜರಿಹುಳುವಿನಂತೆ ಒಂದು ಚಿಪ್ಪು ಕುಳಿತಿತ್ತು.

"ಇದರ ಹೆಸರು ಆರ್ಡುಯಿನೊ" ಎಂದು ಆಕೆ ನನಗೆ ಪಾಠ ಹೇಳಿದಳು. ಆಮೇಲೆ ದನಿ ತಗ್ಗಿಸಿ, "ಮಾಮ, ಇದನ್ನ ಯಾರೋ ದೊಡ್ಡ ಕಂಪೆನಿಯವರು ಕೊಂಡುಕೊಂಡುಬಿಟ್ಟರಂತೆ. ಇನ್ನು ಮೇಲೆ ನಮ್ಮ ಶಾಲೆಗೆ ಕೊಡಲ್ವಾ?" ಎಂದು ಕೇಳಿದಳು.

ಕನ್ನಡ ಎಂ.ಎ. ಮಾಡಿದವನ ಬಳಿ ಇದಕ್ಕೆ ಉತ್ತರವಿರುವುದೆ? ನಾಳೆ ಹೇಳುತ್ತೇನೆಂದು ಜಾರಿಕೊಂಡೆ. ಸುದ್ದಿಯೇನೋ ನಿಜವೇ. 2025ರ ಅಕ್ಟೋಬರ್ 7ರಂದು ಅಮೆರಿಕದ ಕ್ವಾಲ್‌ಕಾಮ್ ಕಂಪೆನಿ ಆರ್ಡುಯಿನೊವನ್ನು ಕೊಳ್ಳುವುದಾಗಿ ಪ್ರಕಟಿಸಿತ್ತು. ನಮ್ಮ ಜೇಬಿನ ಫೋನುಗಳಲ್ಲಿ ಅನೇಕದರ ಮಿದುಳು ಈ ಕ್ವಾಲ್‌ಕಾಮ್‌ನದೇ. ಎಷ್ಟು ಹಣಕ್ಕೆ ಎಂಬುದನ್ನು ಅವರು ಹೇಳಲಿಲ್ಲ.

ಅಕ್ಕನ ಮನೆಯಲ್ಲಿ ಆ ರಾತ್ರಿ ಅವರೆಕಾಳಿನ ಹುಳಿಯ ಮುಂದೆ ಕುಳಿತು ಈ ಹಲಗೆಯ ಪೂರ್ವೋತ್ತರವನ್ನು ಓದಿದೆ. ಓದುತ್ತಿದ್ದಂತೆ ಒಂದು ಸಾಮ್ಯ ನಗೆ ತರಿಸಿತು. ನಾನು ಕುಳಿತಿದ್ದ ಊರು ಮೊದಲು ಅರಿಕುಠಾರ. ಮುಮ್ಮಡಿ ಕೃಷ್ಣರಾಜ ಒಡೆಯರು ತಮ್ಮ ತಂದೆ ಚಾಮರಾಜ ಒಡೆಯರು ಹುಟ್ಟಿದ ಊರೆಂದು 1818ರಲ್ಲಿ ಅದಕ್ಕೆ ಈಗಿನ ಹೆಸರಿಟ್ಟರು. ಆಮೇಲೆ ಚಾಮರಾಜೇಶ್ವರನ ಗುಡಿಯನ್ನೂ ಕಟ್ಟಿಸಿದರು. ಆರ್ಡುಯಿನೊ ಕೂಡ ಒಬ್ಬ ರಾಜನ ಹೆಸರೇ. ಇಟಲಿಯ ಉತ್ತರದಲ್ಲಿ ಇವ್ರಿಯಾ ಎಂಬ ಊರು. ಅಲ್ಲಿನ ಅರ್ಡುಯಿನ್ ಎಂಬಾತ 1002ರಲ್ಲಿ ಇಟಲಿಯ ರಾಜನಾಗಿ ಕಿರೀಟ ಧರಿಸಿದನಂತೆ. ಆತನ ಹೆಸರಿನ ಒಂದು ಪಾನಗೃಹ ಆ ಊರಿನಲ್ಲಿತ್ತು. ಸಂಜೆ ಅಲ್ಲಿ ಸೇರುತ್ತಿದ್ದ ಮೇಷ್ಟರುಗಳು ತಮ್ಮ ಹಲಗೆಗೆ ಅದೇ ಹೆಸರಿಟ್ಟರು. ನಮ್ಮಲ್ಲಾದರೆ ಕಾಫಿ ಹೋಟೆಲಿನ ಹೆಸರಾಗುತ್ತಿತ್ತು.

ಇವ್ರಿಯಾ ಬೆರಳಚ್ಚು ಯಂತ್ರದ ಒಲಿವೆಟ್ಟಿ ಕಂಪೆನಿಯ ಊರು. ಅಲ್ಲಿನ ವಿನ್ಯಾಸ ಸಂಸ್ಥೆಯೊಂದರಲ್ಲಿ ಮಾಸಿಮೊ ಬಾಂಝಿ ಮೊದಲಾದ ಅಧ್ಯಾಪಕರು, ಎಲೆಕ್ಟ್ರಾನಿಕ್ಸ್ ಓದದ ವಿದ್ಯಾರ್ಥಿಗಳೂ ಬಳಸಬಲ್ಲ ಅಗ್ಗದ ಹಲಗೆಯೊಂದನ್ನು 2005ರಲ್ಲಿ ಮಾಡಿದರು. ಅದಕ್ಕೆ ಮೊದಲೇ ಅದೇ ಸಂಸ್ಥೆಯ ವಿದ್ಯಾರ್ಥಿ, ಕೊಲಂಬಿಯಾ ದೇಶದ ಹರ್ನಾಂಡೊ ಬರಗಾನ್, 'ವೈರಿಂಗ್' ಎಂಬ ಹೆಸರಿನಲ್ಲಿ ತನ್ನ ಪ್ರಬಂಧಕ್ಕಾಗಿ ಇಂಥದೇ ಹಲಗೆಯನ್ನು ರೂಪಿಸಿದ್ದ. ಆರ್ಡುಯಿನೊ ಅದರ ಕವಲು. ತನಗೆ ಸಲ್ಲಬೇಕಾದ ಮನ್ನಣೆ ಸಲ್ಲಲಿಲ್ಲವೆಂದು ಆತ ಮುಂದೆ ಬರೆದ. ಎಲ್ಲರಿಗೂ ಸೇರಿದ ವಸ್ತುವಿನ ಕಥೆಯಲ್ಲಿಯೂ ಮೊದಲನೆಯ ಅಧ್ಯಾಯವೇ ಹೀಗೆ.

ನನ್ನನ್ನು ಹಿಡಿದು ನಿಲ್ಲಿಸಿದ ಸಂಗತಿ ಬೇರೆ. ಹಣವಿಲ್ಲದೆ ಆ ಸಂಸ್ಥೆ ಮುಚ್ಚುವುದರಲ್ಲಿತ್ತು. ಮುಚ್ಚಿದ ಮನೆಯೊಡನೆ ಹಲಗೆಯೂ ಯಾರದೋ ಪಾಲಾಗಿ ಮಾಯವಾದೀತೆಂಬ ಭಯದಿಂದಲೇ ಅವರು ಅದರ ನಕ್ಷೆಯನ್ನು ಲೋಕಕ್ಕೆ ಬಿಟ್ಟುಕೊಟ್ಟರು. ಯಾರು ಬೇಕಾದರೂ ನೋಡಿ ಮಾಡಬಹುದು, ತಿದ್ದಬಹುದು, ಮಾರಲೂಬಹುದು. ತಿದ್ದಿದ್ದನ್ನು ಅದೇ ಷರತ್ತಿನಲ್ಲಿ ಇತರರಿಗೆ ಬಿಡಬೇಕು, ಅಷ್ಟೆ. ಹೆಸರೊಂದು ಮಾತ್ರ ಅವರದು. ಆ ಹೆಸರಿಗಾಗಿಯೇ ಮುಂದೆ ಸ್ಥಾಪಕರೊಳಗೇ ಜಗಳ ಹುಟ್ಟಿ ನ್ಯಾಯಾಲಯ ಹತ್ತಿತು. 2016ರಲ್ಲಿ ರಾಜಿಯಾಗುವವರೆಗೂ ಎರಡು ಕಂಪೆನಿಗಳು ಒಂದೇ ಹೆಸರಿಗೆ ಹಕ್ಕು ಸಾಧಿಸುತ್ತಿದ್ದವು. ಅಣ್ಣತಮ್ಮಂದಿರು ಪಾಲಾಗುವಾಗ ಜಮೀನಿಗಿಂತ ಮನೆದೇವರ ಪೆಟ್ಟಿಗೆಗೇ ಹೆಚ್ಚು ಕಾದಾಡುವುದನ್ನು ನಮ್ಮ ಹಳ್ಳಿಗಳಲ್ಲಿಯೂ ನೋಡಿದ್ದೇನೆ.

ಮರುದಿನ ಗುಂಡ್ಲುಪೇಟೆಯ ಬಸ್ಸು ಹತ್ತಿದೆ. ಅಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬನಿದ್ದಾನೆ. ಬಿ.ಎಸ್‌ಸಿ.ಯಲ್ಲಿ ನನ್ನಿಂದ ಕನ್ನಡ ಕಲಿತವನು. ಕಲಿತದ್ದಕ್ಕಿಂತ ಕೊನೆಯ ಬೆಂಚಿನಲ್ಲಿ ಕುಳಿತು ರೇಡಿಯೋ ಬಿಚ್ಚಿದ್ದೇ ಹೆಚ್ಚು. ಈಗ ಮೊಬೈಲ್ ರಿಪೇರಿ, ಪಂಪ್‌ಸೆಟ್ಟಿನ ಸ್ಟಾರ್ಟರ್ ರಿಪೇರಿಯ ಅಂಗಡಿ ಇಟ್ಟಿದ್ದಾನೆ. ಅಕ್ಕನ ಮಗಳ ಪ್ರಶ್ನೆಗೆ ಉತ್ತರ ಹೇಳಬಲ್ಲವನು ಅವನೇ ಎನಿಸಿತು.

ತೆರಕಣಾಂಬಿಯ ದಾರಿ. ಎರಡು ಬದಿಗೂ ಅರಿಶಿನದ ಹೊಲ, ಬಾಳೆಯ ತೋಟ, ಹುರುಳಿ. ಮಳೆಗಾಲದಲ್ಲಿ ಬಂದರೆ ಗುಂಡ್ಲುಪೇಟೆಯ ಸುತ್ತ ಚೆಂಡುಹೂವಿನ ಹೊಲಗಳನ್ನು ನೋಡಲು ಕೇರಳದಿಂದ ಕಾರುಗಳು ಸಾಲುಗಟ್ಟಿರುತ್ತವೆ. ಬಣ್ಣ ತೆಗೆಯುವ ಕಂಪೆನಿಗಳು ಬೀಜ ಕೊಟ್ಟು, ಹೂವನ್ನು ತಾವೇ ಕೊಳ್ಳುತ್ತವೆ. ಹೊಲ ರೈತನದು, ಬೀಜ ಕಂಪೆನಿಯದು. ಪಕ್ಕದಲ್ಲಿ ಕುಳಿತಿದ್ದ ಹಿರಿಯರೊಬ್ಬರು, "ಅದ್ರಲ್ಲಿ ಕಾಸೇನೋ ಸಿಗ್ತದೆ. ಆದ್ರೆ ಮುಂದಿನ ವರ್ಷಕ್ಕೆ ಬೀಜ ಎತ್ತಿಟ್ಕೊಳಂಗಿಲ್ಲ" ಎಂದರು.

ಬಸ್ಸಿನಲ್ಲಿ ನನಗೆ ನೆನಪಾದದ್ದು ನಮ್ಮ ಬೆಂಗಳೂರಿನ ಸಿಂಪ್ಯೂಟರ್. ಓದುಗರಲ್ಲಿ ಕೆಲವರಿಗಾದರೂ ಅದರ ನೆನಪಿರಬಹುದು. ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರೂ ಎನ್ಕೋರ್ ಸಂಸ್ಥೆಯ ಇಂಜಿನಿಯರುಗಳೂ ಸೇರಿ, ಅಕ್ಷರ ಬಾರದವರೂ ಬಳಸಬಹುದಾದ ಕೈಗಣಕವೊಂದನ್ನು 2001ರಲ್ಲಿ ಹೊರತಂದರು. ಕನ್ನಡವನ್ನು ಓದಿ ಹೇಳುತ್ತಿತ್ತು. ಆರ್ಡುಯಿನೊ ಹುಟ್ಟುವುದಕ್ಕೆ ನಾಲ್ಕು ವರ್ಷ ಮೊದಲೇ ಅವರು ಯಂತ್ರದ ನಕ್ಷೆಗೆ ಬಹಿರಂಗ ಪರವಾನಗಿಯನ್ನು ಬರೆದಿದ್ದರು. ಅದನ್ನು ಕಾಯಲು ಒಂದು ಟ್ರಸ್ಟನ್ನೂ ಮಾಡಿದ್ದರು. ಪಿಕೋಪೇಟಾ ಎಂಬ ಕಂಪೆನಿಯ ಅಮಿಡಾ ಸಿಂಪ್ಯೂಟರನ್ನು 2004ರಲ್ಲಿ ಬಿ.ಇ.ಎಲ್. ಕಾರ್ಖಾನೆ ತಯಾರಿಸಿತು. ಅಷ್ಟರಲ್ಲಿ ಅಗ್ಗದ ಮೊಬೈಲ್ ಫೋನುಗಳು ಬಂದವು. ಪಿಕೋಪೇಟಾ ಮುಂಬಯಿಯ ಜಿಯೋಡೆಸಿಕ್ ಕಂಪೆನಿಯ ಕೈ ಸೇರಿತು. ಸಿಂಪ್ಯೂಟರ್ ಮರೆಯಾಯಿತು. ನಕ್ಷೆಯನ್ನು ಯಾರೂ ಬಚ್ಚಿಡಲಿಲ್ಲ. ಆದರೆ ಅದನ್ನು ಕೈಯಲ್ಲಿ ಹಿಡಿದು ತಿದ್ದುವ ಸಾವಿರಾರು ಹುಡುಗರು ಅದಕ್ಕೆ ಹುಟ್ಟಲಿಲ್ಲ. ಅದರ ಸೋಲು ಅಲ್ಲಿದೆಯೆಂದು ನನ್ನ ಅನಿಸಿಕೆ.

ಗುಂಡ್ಲುಪೇಟೆ ಎರಡು ಘಟ್ಟಗಳ ಬಾಗಿಲು. ಒಂದು ದಾರಿ ಊಟಿಗೆ, ಇನ್ನೊಂದು ಸುಲ್ತಾನ್ ಬತ್ತೇರಿಗೆ. ಅಂಗಡಿಯಲ್ಲಿ ವಿದ್ಯಾರ್ಥಿ ನನ್ನನ್ನು ಕಂಡು ಬೆಸುಗೆ ಕಡ್ಡಿಯನ್ನು ಕೆಳಗಿಟ್ಟು ಎದ್ದ. ಚಹ ತರಿಸಿದ. ಪ್ರಶ್ನೆ ಕೇಳಿದೊಡನೆ ನಕ್ಕು, "ಅಂಗಡೀಲಿ ಹೇಳಿದ್ರೆ ತಿಳಿಯಲ್ಲ ಸಾರ್. ರಾತ್ರಿ ಹೊಲಕ್ಕೆ ಬನ್ನಿ" ಎಂದ.

ಅವನ ಹೊಲ ಹಂಗಳದಾಚೆ, ಬಂಡೀಪುರದ ಕಾಡಂಚಿನಲ್ಲಿ. 2009ರಿಂದ ರಾತ್ರಿ ಒಂಬತ್ತಕ್ಕೆ ಕಾಡಿನ ಹೆದ್ದಾರಿಗಳನ್ನು ಮುಚ್ಚುತ್ತಾರೆ. ಲಾರಿಗಳ ಸದ್ದಡಗಿದ ಮೇಲೆ ಆನೆಗಳ ಕಾಲ. ಕೆಲವು ವರ್ಷಗಳ ಹಿಂದೆ ಅವನ ಚಿಕ್ಕಪ್ಪ ರಾಗಿಯ ಕಾವಲಿಗೆ ಹೋಗಿ, ಕತ್ತಲಲ್ಲಿ ಆನೆಗೆ ಎದುರಾಗಿ ಸೊಂಟ ಮುರಿದುಕೊಂಡರು. ಇಂದಿಗೂ ಕೋಲಿಲ್ಲದೆ ನಡೆಯಲಾರರು. ಆ ವರ್ಷವೇ ಇವನು ಸಾಲ ಮಾಡಿ, ಪಟ್ಟಣದ ಕಂಪೆನಿಯೊಂದರಿಂದ ಕೂಗುವ ಪೆಟ್ಟಿಗೆಯೊಂದನ್ನು ತಂದ. ಆನೆ ಬಂದರೆ ಸೈರನ್ನು ಮೊಳಗುವ ಪೆಟ್ಟಿಗೆ.

"ಒಂದು ತಿಂಗಳು ಚೆನ್ನಾಗಿ ಓಡಿಸ್ತು ಸಾರ್. ಆಮೇಲೆ ಆನೆಗೆ ಗೊತ್ತಾಗೋಯ್ತು, ಇದು ಬರೀ ಕೂಗ್ತದೆ ಅಂತ. ಪಕ್ಕದಲ್ಲೇ ನಿಂತು ಬಾಳೆ ತಿಂದ್ವು. ಸದ್ದು ಬದಲಾಯಿಸಿ ಕೊಡಿ ಅಂದ್ರೆ, ಆಗಲ್ಲ ಅಂದ್ರು. ನಾನೇ ಬಿಚ್ಚೋಣ ಅಂದ್ರೆ ಒಳಗೆಲ್ಲ ಅಂಟು ಸುರಿದು ಮುಚ್ಚಿದ್ರು."

ಅಟ್ಟಣೆಯ ಮೇಲೆ ಕುಳಿತು ಅವನು ತನ್ನ ಪೆಟ್ಟಿಗೆಯನ್ನು ಬಿಚ್ಚಿ ತೋರಿಸಿದ. ಒಳಗೆ ಅದೇ ನೀಲಿ ಹಲಗೆ. ಹೆಸರಿಲ್ಲದ ನಕಲು, ಮುನ್ನೂರು ನಾಲ್ಕುನೂರು ರೂಪಾಯಿಗೆ ಸಿಕ್ಕುವಂಥದು. ಇಟಲಿಯ ಅಸಲಿಗೆ ಎರಡು ಸಾವಿರದ ಮೇಲಾಗುತ್ತದೆ. ನಕ್ಷೆ ಬಹಿರಂಗವಾದ್ದರಿಂದ ನಕಲು ಕಳ್ಳಮಾಲಲ್ಲ. ಅಸಲಿನ ಹೆಸರನ್ನು ಒತ್ತಿದರೆ ಮಾತ್ರ ತಪ್ಪು. ಹೊಲದ ಬೇಲಿಯಲ್ಲಿ, ಮೈಯ ಶಾಖ ಚಲಿಸಿದರೆ ಅರಿಯುವ ಕಣ್ಣುಗಳನ್ನು ಕಟ್ಟಿದ್ದಾನೆ. ಮೊದಲು ಒಂದೇ ಕಣ್ಣಿತ್ತಂತೆ. ಬಿಸಿಲಿಗೆ ಕಾದ ಬಾಳೆ ಎಲೆ ಅಲುಗಿದರೂ ಕೂಗುತ್ತಿತ್ತು. ಈಗ ಹತ್ತಿರ ಹತ್ತಿರ ಎರಡು ಕಣ್ಣು. ಎರಡೂ ಕೆಲವು ಕ್ಷಣಗಳೊಳಗೆ ಕಂಡರೆ ಮಾತ್ರ ಕೂಗು. ಸದ್ದನ್ನು ಹದಿನೈದು ದಿನಕ್ಕೊಮ್ಮೆ ಬದಲಾಯಿಸುತ್ತಾನೆ. ಒಮ್ಮೆ ಜೇನಿನ ಝೇಂಕಾರ, ಒಮ್ಮೆ ಪಟಾಕಿ, ಒಮ್ಮೆ ಚಿಕ್ಕಪ್ಪನ ಕೂಗು. ಪಕ್ಕದ ಹೊಲದವರಿಗೂ ಮಾಡಿಕೊಟ್ಟಿದ್ದಾನೆ. ಅವರಲ್ಲೊಬ್ಬ ಹುಡುಗ ದೀಪವೂ ಹೊತ್ತುವಂತೆ ತಿದ್ದಿ, ತಿದ್ದಿದ್ದನ್ನು ಇವನಿಗೇ ತಿರುಗಿ ಕೊಟ್ಟನಂತೆ.

ನನಗೆ ನಮ್ಮ ನೀಲಗಾರರು ನೆನಪಾದರು. ಮಂಟೇಸ್ವಾಮಿಯ ಕಾವ್ಯವನ್ನು ಈ ಸೀಮೆಯಲ್ಲಿ ಹಾಡದ ಊರಿಲ್ಲ. ಪ್ರತಿಯೊಬ್ಬ ಹಾಡುಗಾರನೂ ಗುರುವಿನಿಂದ ಪಡೆದು, ತನ್ನದೊಂದಿಷ್ಟು ಸೇರಿಸಿ, ಶಿಷ್ಯನಿಗೆ ಕೊಡುತ್ತಾನೆ. ಕ್ಯಾಸೆಟ್ಟುಗಳು ಬಂದಾಗ ಅವುಗಳ ಮೇಲೆ ಹಕ್ಕು ಕಾಯ್ದಿರಿಸಿದೆಯೆಂದು ಅಚ್ಚಾಯಿತು, ತಂಬೂರಿಯೇನೂ ನಿಲ್ಲಲಿಲ್ಲ. ಆ ಕಾವ್ಯದಲ್ಲಿಯೇ ಸಿದ್ದಪ್ಪಾಜಿ ಹಲಗೂರಿನ ಪಾಂಚಾಳರ ಬಾಗಿಲಿಗೆ ಕಬ್ಬಿಣದ ಭಿಕ್ಷೆಗೆ ಹೋಗುತ್ತಾನೆ. ಅವರು ಇಲ್ಲವೆನ್ನುತ್ತಾರೆ. ಇದನ್ನು ಹತ್ತು ವರ್ಷ ಪಾಠ ಹೇಳಿದ್ದೇನೆ. ಅಂಟು ಸುರಿದ ಪೆಟ್ಟಿಗೆಯ ಮಾತು ಕೇಳಿದ ಮೇಲೆ ಆ ಭಿಕ್ಷೆ ಬೇರೆಯಾಗಿ ಕಂಡಿತು.

"ಹಾಗಾದರೆ ಕ್ವಾಲ್‌ಕಾಮ್ ಕೊಂಡರೆ ನಿನಗೇನು ನಷ್ಟ?" ಎಂದೆ.

"ಈ ಹಲಗೇನ ಯಾರೂ ಕಿತ್ಕೊಳ್ಳೋಕಾಗಲ್ಲ ಸಾರ್. ಬಿಟ್ಟ ನಕ್ಷೆ ಬಿಟ್ಟದ್ದೇ. ಇದರ ಚಿಪ್ಪು ಮಾಡ್ತಿದ್ದ ಆಟ್ಮೆಲ್ ಕಂಪೆನೀನೇ 2016ರಲ್ಲಿ ಮೈಕ್ರೋಚಿಪ್‌ನವರು ಕೊಂಡರು. ಚಿಪ್ಪು ಇವತ್ತೂ ಸಿಗ್ತದೆ. ನನ್ನ ಭಯ ಮುಂದಿನದು."

ಕೊಳ್ಳುವ ಸುದ್ದಿಯೊಡನೆ ಹೊರಬಂದ ಹೊಸ ಹಲಗೆ 'ಯುನೊ ಕ್ಯೂ'. ಬೆಲೆ 44 ಡಾಲರ್. ಅದರಲ್ಲಿ ಎರಡು ಮಿದುಳು, ದೊಡ್ಡದು ಕ್ವಾಲ್‌ಕಾಮ್‌ನದೇ. ಕ್ಯಾಮೆರಾದಿಂದ ಆನೆಯನ್ನೂ ಹಸುವನ್ನೂ ಬೇರೆ ಬೇರೆಯಾಗಿ ಗುರುತಿಸುವ ಶಕ್ತಿಯುಳ್ಳದ್ದು. ಅವನಿಗೆ ಅದರ ಮೇಲೆ ಆಸೆಯೂ ಇದೆ. ನಕ್ಷೆಯನ್ನು ಇದಕ್ಕೂ ಬಿಟ್ಟಿದ್ದಾರೆ; ಆದರೆ ಆ ಚಿಪ್ಪನ್ನು ಗುಂಡ್ಲುಪೇಟೆಯ ಅಂಗಡಿಯ ಬೆಸುಗೆ ಕಡ್ಡಿಯಿಂದ ಕೂರಿಸಲಾಗದು. ನಕ್ಷೆ ಓದಬಹುದು, ಮಾಡಲಾಗದು. ಮರುತಿಂಗಳು ಆರ್ಡುಯಿನೊ ತನ್ನ ಬಳಕೆಯ ಷರತ್ತುಗಳನ್ನು ಬದಲಾಯಿಸಿದಾಗ ಅಮೆರಿಕದ ಅಡಾಫ್ರೂಟ್ ಸಂಸ್ಥೆಯವರು ಬಹಿರಂಗವಾಗಿಯೇ ಆಕ್ಷೇಪವೆತ್ತಿದರು. ಒಳಗನ್ನು ಬಿಚ್ಚಿ ನೋಡಬಾರದೆಂಬ ಮಾತು ಅದರಲ್ಲಿತ್ತು. ಅದು ತಮ್ಮ ಆನ್‌ಲೈನ್ ಸೇವೆಗಷ್ಟೇ ಅನ್ವಯ, ಹಲಗೆಗಲ್ಲ ಎಂದು ಆರ್ಡುಯಿನೊ ಉತ್ತರ ಕೊಟ್ಟಿತು.

ಉತ್ತರವನ್ನು ನಾನು ಸುಳ್ಳೆನ್ನಲಾರೆ. ಹಾಗೆಂದು ಮೇಕರ್‌ಬಾಟ್‌ನ ಕಥೆಯನ್ನು ಮರೆಯಲಾರೆ. ಬಹಿರಂಗ ನಕ್ಷೆಯಿಂದಲೇ ಬೆಳೆದ ಆ ಮೂರು ಆಯಾಮದ ಮುದ್ರಣಯಂತ್ರದ ಕಂಪೆನಿ 2012ರಲ್ಲಿ ತನ್ನ ಹೊಸ ಯಂತ್ರದ ನಕ್ಷೆಯನ್ನು ಮುಚ್ಚಿತು. 2013ರಲ್ಲಿ ಸ್ಟ್ರಾಟಸಿಸ್ ಕಂಪೆನಿ ಅದನ್ನು ಸುಮಾರು 40 ಕೋಟಿ ಡಾಲರಿಗೆ ಕೊಂಡಿತು. ನಕ್ಷೆ, ದೋಷ, ತಿದ್ದುಪಡಿಗಳನ್ನು ಬಿಟ್ಟಿಯಾಗಿ ಕೊಟ್ಟಿದ್ದ ಹವ್ಯಾಸಿಗಳು ಕೈಚೆಲ್ಲಿ ಕುಳಿತರು. ಇವ್ರಿಯಾದ ಮೇಷ್ಟರುಗಳನ್ನೂ ನಾನು ದೂರಲಾರೆ. ಇಪ್ಪತ್ತು ವರ್ಷ ನಡೆಸಿದವರು. 2022ರಲ್ಲೇ 3 ಕೋಟಿ 20 ಲಕ್ಷ ಡಾಲರ್ ಬಂಡವಾಳವನ್ನು ಬಾಷ್ ಮುಂತಾದವರಿಂದ ಪಡೆದಿದ್ದರು. ಅಂಥ ಹಣ ಮನೆಯೊಳಗೆ ಬಂದ ಮೇಲೆ ಮನೆ ಎಂದಾದರೂ ಮಾರಾಟಕ್ಕೆ ಬರುವುದೇ.

ನಡುರಾತ್ರಿ ದಾಟಿತ್ತು. ಚಳಿಗೆ ಕಂಬಳಿ ಸಾಲದು. ಇದ್ದಕ್ಕಿದ್ದಂತೆ ಬೇಲಿಯ ಮೂಲೆಯಿಂದ ಅವನ ಚಿಕ್ಕಪ್ಪನ ಧ್ವನಿ, "ಹೋಯ್! ಹೋಯ್!" ಎಂದು ಎದೆ ನಡುಗುವಂತೆ ಕೂಗಿತು. ದೀಪ ಹೊತ್ತಿತು. ಬಾಳೆಯ ಆಚೆ ಏನೋ ದೊಡ್ಡದು ಸರಿದ ಸದ್ದು, ಕಡ್ಡಿಗಳು ಮುರಿದ ಸದ್ದು, ಮತ್ತೆ ಮೌನ. ಸೊಂಟ ಮುರಿದ ಆ ಹಿರಿಯರು ಆ ಹೊತ್ತಿನಲ್ಲಿ ಊರೊಳಗೆ ನಿದ್ರಿಸುತ್ತಿದ್ದರು.

ಬೆಳಿಗ್ಗೆ ಬಸ್ಸಿಗೆ ಹತ್ತಿಸುವಾಗ ವಿದ್ಯಾರ್ಥಿ ನನ್ನ ಕೈಗೆ ಒಂದು ಲಕೋಟೆ ಕೊಟ್ಟ. ಒಳಗೆ 28 ಕಾಲಿನ ಬರಿಯ ಚಿಪ್ಪೊಂದು, ಒಂದು ಹರಳು, ಎರಡು ಪುಟ್ಟ ಕೆಪಾಸಿಟರುಗಳು. "ಮಗೂಗೆ ಕೊಡಿ ಸಾರ್. ನೀಲಿ ಹಲಗೆ ಬೇಕಾಗಿಲ್ಲ. ಇಷ್ಟಿದ್ರೆ ತಾನೇ ಕಟ್ಕೋಬಹುದು. ಹೆಂಗೆ ಅಂತ ಹಾಳೇಲಿ ಬರೆದಿವ್ನಿ" ಎಂದ. ಬರೆದಿದ್ದ ಕನ್ನಡದಲ್ಲಿ ನಾಲ್ಕು ಕಾಗುಣಿತದ ತಪ್ಪುಗಳಿದ್ದವು. ತಿದ್ದದೆ ಮಡಿಸಿಟ್ಟೆ.

ಚಾಮರಾಜನಗರದ ನಿಲ್ದಾಣಕ್ಕೆ ಅಕ್ಕನ ಮಗಳು ಬಂದಿದ್ದಳು. ಲಕೋಟೆ ಬಿಚ್ಚಿ, ಚಿಪ್ಪನ್ನು ಅಂಗೈಯಲ್ಲಿಟ್ಟುಕೊಂಡು ಕಾಲುಗಳನ್ನು ಎಣಿಸತೊಡಗಿದಳು. ರೈಲು ಕೂಗಿತು. ನಾನು ಹತ್ತಿ ಕಿಟಕಿಯ ಬಳಿ ಕುಳಿತೆ.

"ಮಾಮ, ಒಂದು ಕಾಲು ಬಗ್ಗಿದೆ" ಎಂದಳು. ಉಗುರಿನಿಂದ ಅದನ್ನು ಮೆಲ್ಲನೆ ನೆಟ್ಟಗೆ ಮಾಡುತ್ತಿದ್ದಳು. ರೈಲು ಹೊರಟದ್ದನ್ನು ನೋಡಲಿಲ್ಲ.