ಮೂರು ತಟ್ಟು

ಅಪ್ಪ ಹಳ್ಳಿಯ ಹೈಸ್ಕೂಲಿನಲ್ಲಿ ಇಂಗ್ಲಿಷ್ ಮೇಷ್ಟ್ರು. ಉದ್ದದ ಪದ ಬಂದರೆ ಮೇಜಿನ ಮೇಲೆ ಬೆರಳಿನಿಂದ ತಟ್ಟುತ್ತಾ ಬಿಡಿಸುತ್ತಿದ್ದರು. ‘ಕೈಂಡ್-ಹಾರ್ಟೆಡ್’ಗೆ ಮೂರು ತಟ್ಟು, ‘ಆ್ಯಬ್ಸೆಂಟ್-ಮೈಂಡೆಡ್’ಗೆ ನಾಲ್ಕು. ‘ಫೋರ್-ಲೆಗ್ಗೆಡ್’ಗೆ ಮೂರು. ನಾಲ್ಕು ಕಾಲುಳ್ಳದ್ದು ಯಾವುದೋ ಅದು. ನಮ್ಮ ಮುಕ್ಕಣ್ಣನ ಹಾಗೆ ಇದೂ ಬಹುವ್ರೀಹಿ ಅಂದುಕೊಳ್ಳಿ, ಎನ್ನುತ್ತಿದ್ದರು.

ಪಟ್ಟಣದ ಕಾಲೇಜು ಸೇರಿದ ಮೊದಲ ತಿಂಗಳು ತರಗತಿಯಲ್ಲಿ ಎದ್ದು ನಿಂತು ಪಾಠ ಓದಬೇಕಾಯಿತು. ‘ಫೋರ್-ಲೆಗ್ಗೆಡ್’ ಎಂದೆ. ಹಿಂದಿನ ಬೆಂಚಿನಿಂದ ನಗು. ಅದೇ ಪುಟದಲ್ಲಿದ್ದ ‘ಮಿಡ್ಲ್-ಏಜ್ಡ್’ ಅನ್ನು ‘ಏಜೆಡ್’ ಮಾಡಿದಾಗ ಪಾಠ ಮಾಡುತ್ತಿದ್ದವರೂ ನಕ್ಕರು. (ಅದು ಅಪ್ಪ ಕಲಿಸಿದ್ದಲ್ಲ, ನಾನೇ ಊಹಿಸಿದ್ದು.) ಆ ಶನಿವಾರ ಊರಿಗೆ ಹೋದವಳೇ, ಟ್ಯೂಷನ್ ಹುಡುಗರ ಎದುರಿಗೇ, ‘ಅದು ಲೆಗ್ಡ್ ಅಪ್ಪಾ, ಎರಡೇ ತಟ್ಟು’ ಅಂದುಬಿಟ್ಟೆ. ಅಪ್ಪ ‘ಹಾಗಾ’ ಎಂದು ಪುಟ ತಿರುವಿದರು. ಆಮೇಲೆ ಅವರು ನನ್ನೆದುರು ಇಂಗ್ಲಿಷನ್ನು ಗಟ್ಟಿಯಾಗಿ ಓದಿದ್ದು ನೆನಪಿಲ್ಲ.

ನಾನೂ ಇಂಗ್ಲಿಷ್ ಪಾಠ ಹೇಳತೊಡಗಿದ ಮೇಲೆ ಆ ಕೊನೆಯ ‘ಇ-ಡಿ’ಯ ಕಾಟ ಅರ್ಥವಾಯಿತು. ಅದರ ಹಿಂದೆ ಟಕಾರದ್ದೋ ಡಕಾರದ್ದೋ ಸದ್ದಿದ್ದರೆ ಅದು ಬೇರೆಯೇ ಉಚ್ಚಾರಾಂಶ: ‘ಶಾರ್ಟ್-ಸೈಟೆಡ್’. ಇಲ್ಲದಿದ್ದರೆ ಸಾಮಾನ್ಯವಾಗಿ ಹಿಂದಿನದಕ್ಕೇ ಅಂಟಿಕೊಳ್ಳುತ್ತದೆ. ‘ಓಲ್ಡ್-ಫ್ಯಾಷನ್ಡ್’ಗೆ ಮೂರೇ ತಟ್ಟು. ಮುದುಕರನ್ನು ಕುರಿತು ಒಂಟಿಯಾಗಿ ಬಂದಾಗ ‘ಏಜೆಡ್’ ಆಗುವ ಪದವೇ ‘ಮಿಡ್ಲ್’ ಜೊತೆ ಸೇರಿದರೆ ‘ಏಜ್ಡ್’. ಬರೆದಷ್ಟನ್ನೂ ಓದುವ, ಬಸ್ಸಿಗೂ ಕಾರಿಗೂ ಒಂದು ಉಕಾರ ಹಚ್ಚುವ ನಾಲಗೆಗೆ ಇದು ಕಷ್ಟವೇ. ಒತ್ತಿನ ಆಟ ಇನ್ನೊಂದು. ‘ವೆಲ್-ನೋನ್’ ವಾಕ್ಯದ ಕೊನೆಯಲ್ಲಿದ್ದರೆ ಒತ್ತು ‘ನೋನ್’ ಮೇಲೆ. ‘ವೆಲ್-ನೋನ್ ರೈಟರ್’ ಎಂದ ಕೂಡಲೇ ‘ವೆಲ್’ ಮೇಲೆ ಜಿಗಿಯುತ್ತದೆ. ಅವತ್ತು ನಕ್ಕವರಲ್ಲಿ ಎಷ್ಟು ಜನಕ್ಕೆ ಇದು ಗೊತ್ತಿತ್ತೋ!

ಒಂದು ದಿನ ಏನನ್ನೋ ಹುಡುಕುತ್ತಾ ನಿಘಂಟು ತೆರೆದೆ. ‘ಲೆಗ್ಗೆಡ್’, ‘ಲೆಗ್ಡ್’ ಎರಡೂ ಇದ್ದವು. ಊರಿಗೆ ಫೋನ್ ಮಾಡಲು ಹೊರಟವಳು ಏನು ಹೇಳುವುದೆಂದು ತಿಳಿಯದೆ ಸುಮ್ಮನಾದೆ.

ಕಳೆದ ದಸರಾ ರಜೆಯಲ್ಲಿ ಮಗ ತನ್ನ ಪುಸ್ತಕ ಹಿಡಿದು ಅಜ್ಜನ ತೊಡೆಯೇರಿದ. ‘ಥ್ರೀ-ಲೆಗ್ಡ್ ರೇಸ್’ ಬಂದಲ್ಲಿ ಅಪ್ಪ ನಿಲ್ಲಿಸಿ, ‘ಇದನ್ನ ನಿಮ್ಮಮ್ಮ ಓದಲಿ’ ಅಂದರು.

‘ನೀವೇ ಓದಿ ಅಪ್ಪ. ಅದು ಎರಡು ಥರವೂ ಸರಿ.’

‘ಯಾವಾಗಿಂದ?’

‘ಮೊದಲಿಂದಲೂ.’

ಅಪ್ಪ ಕನ್ನಡಕ ಸರಿಮಾಡಿಕೊಂಡು, ಮೊಮ್ಮಗನ ಬೆನ್ನ ಮೇಲೆ ಮೂರು ಸಲ ತಟ್ಟಿದರು.